ರಾಗಿ ಹಾಕುವಷ್ಟು ಹೊತ್ತು

ಮೊಮ್ಮಗಳ ಬ್ಯಾಂಡು ಕಾಡಿನವರ, ಹಳ್ಳಿಯವರ ಹಾಡುಗಳಿಗೆ ಗಿಟಾರು, ಡ್ರಮ್ಮು ಸೇರಿಸಿ ಚೆನ್ನೈನ ಬೆಸೆಂಟ್ ನಗರದ ಬೀಚಿನಲ್ಲಿ ನುಡಿಸುತ್ತದೆ. ಈ ಸಲ ಅವರಿಗೆ ನನ್ನ ಹೆಂಡತಿಯ ರಾಗಿ ಬೀಸುವ ಪದ ಬೇಕಾಯಿತು. ಮದುವೆಗೆ ಮುಂಚೆ ಅವಳು ತಾಯಿಯ ಎದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಇಬ್ಬರೂ ಹಿಡಿದು ತಿರುಗಿಸುತ್ತ ಕಲಿತ ಪದ ಅದು. ಪಲ್ಲಾವರಂನ ಸ್ಟುಡಿಯೋದಲ್ಲಿ ಬರಿಗೈಯಲ್ಲಿ ಹಾಡಲು ಅವಳಿಗೆ ಬರಲಿಲ್ಲ. ಕೊನೆಗೆ ಮಡಿಲಲ್ಲಿ ಸ್ಟೀಲ್ ತಟ್ಟೆ ಇಟ್ಟುಕೊಂಡು, ಅದನ್ನು ತಿರುಗಿಸುತ್ತ ಹಾಡಿದಳು.

ಮರುವಾರ ಕೇಳಿಸಲು ಕರೆದರು. ಧ್ವನಿ ಅವಳದೇ. ಆದರೆ ಸಾಲುಗಳ ನಡುವಿನ ಬಿಡುವನ್ನೆಲ್ಲ ಕತ್ತರಿಸಿ, ಒಂದರ ಬೆನ್ನಿಗೆ ಒಂದು ಅಂಟಿಸಿದ್ದರು.

“ಮತ್ತೆ ರಾಗಿ ಹಾಕೋದು ಯಾವಾಗವ್ವ?” ಎಂದು ಹೆಂಡತಿ ಕೇಳಿದಳು.

ಡ್ರಮ್ಮಿನ ಹುಡುಗ ನಕ್ಕ. ಮೊಮ್ಮಗಳು, “ಗ್ಯಾಪ್ ಇದ್ರೆ ಯಾರೂ ಕುಣಿಯಲ್ಲ ಅಜ್ಜಿ, ಬೋರ್ ಅಡಿಕ್ಕುಂ” ಎಂದು ತಮಿಳು ಬೆರೆಸಿ ಹೇಳಿದಳು.

ಹೆಂಡತಿ ತಲೆ ತಗ್ಗಿಸಿದಳು. ನನಗೆ ಮೈ ಉರಿಯಿತು. ಕಲ್ಲಿಗೆ ಒಂದು ಹಿಡಿ ಕಾಳು ಹಾಕಿ, ತಾಯಿ ಮಗಳು ಉಸಿರೆಳೆದುಕೊಳ್ಳುತ್ತಿದ್ದ ಹೊತ್ತದು. ಅದನ್ನು ಕಸದಂತೆ ಗುಡಿಸಿ ಹಾಕಿ, ಉಳಿದದ್ದಕ್ಕೆ ಜಾನಪದ ಎಂದು ಹೆಸರಿಡುತ್ತಾರೆ.

“ಆ ಬಿಡುವು ವಾಪಸ್ ಹಾಕಿ. ಇಲ್ಲಾಂದ್ರೆ ಅವಳ ಧ್ವನಿ ತೆಗೀರಿ” ಎಂದೆ.

“ಶನಿವಾರ ಷೋ ಇದೆ ತಾತ. ನೀವು ಹೊರಡಿ, ಹನ್ನೆರಡೂವರೆ ಆಗ್ತಾ ಬಂತು, ನಿಮ್ಮ ಊಟ ತಪ್ಪತ್ತೆ.”

ನನ್ನ ಊಟದ ಹೊತ್ತು ಎಂದೂ ತಪ್ಪಿಲ್ಲವೆಂದು ಅವಳಿಗೆ ಗೊತ್ತು. ಅವತ್ತು ತಪ್ಪಿತು. ಅವರು ಗೊಣಗುತ್ತ ಅಜ್ಜಿಯ ಧ್ವನಿಯನ್ನು ಅಳಿಸುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.