ಮಿಸ್ ಹಾಕದ ಹಾಜರಿ

ಕಳೆದ ಶನಿವಾರ ತಂಗಿಯ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಈ ವರ್ಷ ಅವಳು ಎಂಟನೆಯ ತರಗತಿಗೆ ಬಂದಿದ್ದಾಳೆ. ಅವ್ವನಿಗೆ ಮೊಣಕಾಲು ನೋವು, ಅಪ್ಪನಿಗೆ ರಜೆ ಸಿಗಲಿಲ್ಲ. ಲ್ಯಾಬಿನಲ್ಲಿ ಬೆಳಗಿನ ಪಾಳಿ ಮುಗಿಸಿಕೊಂಡು ನಾನೇ ಹೋದೆ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ನಾವು ದೊಡ್ಡವರೆಲ್ಲ ಕೂತಿದ್ದೆವು. ಅವರ ಕ್ಲಾಸ್ ಟೀಚರ್ ಒಂದು ಹಾಳೆ ಹಿಡಿದು ಓದುತ್ತಿದ್ದರು: ಹಾಜರಿ ಇಷ್ಟಿರಬೇಕು, ನಡವಳಿಕೆ ಹೀಗಿರಬೇಕು, ಮನೆಯಲ್ಲಿ ದಿನಾ ಇಷ್ಟು ಹೊತ್ತು ಓದಬೇಕು... ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಹೆಂಗಸು ನೆಗಡಿಗೆಂದು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ನೀಲಗಿರಿ ಎಣ್ಣೆಯ ವಾಸನೆ. ಆಮೇಲೆ ಟೀಚರ್ ಓದಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಹಲಸೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ನನಗೆ ಹತ್ತನೆಯ ತರಗತಿಗೆ ಕ್ಲಾಸ್ ಟೀಚರ್ ಆಗಿದ್ದವರ ಕರವಸ್ತ್ರದಲ್ಲಿ ಸದಾ ಈ ವಾಸನೆ ಇರುತ್ತಿತ್ತು. ಧೂಳಿಗೆ ಅವರಿಗೆ ಸೀನು. ಬೋರ್ಡು ಒರೆಸಿದಾಗಲೆಲ್ಲ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. ನಾವೆಲ್ಲ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದೆವು. ಕುಳ್ಳಗೆ, ಗಟ್ಟಿಯಾಗಿ, ನೆಟ್ಟಗೆ ನಡೆಯುತ್ತಿದ್ದರು. ಕೋಲು ಹಿಡಿದದ್ದನ್ನು ನಾನು ನೋಡಲೇ ಇಲ್ಲ. ಮೊದಲ ದಿನ ಅವರು ಹೇಳಿದ ನಿಯಮ ಒಂದೇ. “ಲೇಟಾಗಿ ಬಂದ್ರೆ ಬಾಗಿಲ ಹತ್ರ ನಿಂತು ಕಾರಣ ಹೇಳಿ. ನಿದ್ದೆ ಬಂದ್ಬಿಡ್ತು ಅಂದ್ರೂ ಪರ್ವಾಗಿಲ್ಲ. ಸುಳ್ಳು ಮಾತ್ರ ಬೇಡ.” ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ವಾರ ಕಳೆಯುವುದರೊಳಗೆ ಗೊತ್ತಾಯಿತು, ನಿಜ ಹೇಳುವುದೇ ಬಹಳ ಕಷ್ಟದ ಕೆಲಸ ಎಂದು.

ನಾವು ಯಾದಗಿರಿ ಕಡೆಯವರು. ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಮರ್ಫಿ ಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ನಾನು ಹತ್ತಕ್ಕೆ ಬರುವ ಮುಂಚಿನ ಬೇಸಿಗೆಯಲ್ಲಿ ತಂಗಿ ಹುಟ್ಟಿದಳು. ಮೊದಮೊದಲು ಅವ್ವ ಅವಳನ್ನು ಕೆಲಸದ ಜಾಗಕ್ಕೇ ಒಯ್ದು ಸೀರೆಯ ಜೋಳಿಗೆಯಲ್ಲಿ ಮಲಗಿಸುತ್ತಿದ್ದಳು. ಸಿಮೆಂಟಿನ ಧೂಳಿಗೆ ಕೂಸಿಗೆ ಕೆಮ್ಮು ಹತ್ತಿ ಎದೆ ಗೊರಗುಟ್ಟತೊಡಗಿತು. ಅಲ್ಲಿಂದ ಮುಂದೆ ಅವ್ವನಿಗೆ ಕೆಲಸವಿದ್ದ ದಿನ ನಾನು ಮನೆಯಲ್ಲಿ, ಕೆಲಸವಿಲ್ಲದ ದಿನ ಶಾಲೆಯಲ್ಲಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ನಡೆದುಹೋಯಿತು. ಮಿಸ್ ಕೇಳಿದಾಗಲೆಲ್ಲ ಹೊಟ್ಟೆನೋವು, ಜ್ವರ ಎನ್ನುತ್ತಿದ್ದೆ. ಕೂಸು ನೋಡಿಕೊಳ್ಳುತ್ತೇನೆ ಎನ್ನಲು ಯಾಕೋ ನಾಚಿಕೆ... ಆ ವಯಸ್ಸೇ ಹಾಗೆ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಮಿಸ್ ಕ್ಲಾಸಿನಲ್ಲಿ ಹೇಳಿದರು, ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು. ನನ್ನ ಕಡೆ ಅವರು ನೋಡಲಿಲ್ಲ. ಆದರೆ ಉಳಿದವರೆಲ್ಲ ನೋಡಿದರು.

ಅದಾಗಿ ಎರಡು ದಿನಕ್ಕೆ, ಸ್ಟಾಫ್ ರೂಮಿನಿಂದ ಹಾಜರಿ ಪುಸ್ತಕ ತರಲು ಮಿಸ್ ನನ್ನನ್ನು ಕಳಿಸಿದರು. ಅಲ್ಲಿ ಯಾರೂ ಇರಲಿಲ್ಲ. ನನ್ನ ಹೆಸರಿನ ಸಾಲಿನಲ್ಲಿ ಕೆಂಪು ಶಾಯಿಯ ಗೈರುಗಳು ಸಾಲಾಗಿ ಕೂತಿದ್ದವು. ಪೆನ್ಸಿಲ್ ಚೂಪು ಮಾಡುವ ಬ್ಲೇಡು ನನ್ನ ಜೇಬಿನಲ್ಲಿತ್ತು, ಮೇಜಿನ ಮೇಲೆ ಪೆನ್ನಿತ್ತು. ಮೂರು ದಿನದ ಗೈರನ್ನು ಮೆಲ್ಲಗೆ ಕೆರೆದು, ಹಾಜರಿಯ ಗುರುತು ಹಾಕಿ, ಊದಿ, ಪುಸ್ತಕವನ್ನು ಎದೆಗವುಚಿಕೊಂಡು ಕ್ಲಾಸಿಗೆ ಬಂದೆ. ಅವತ್ತು ಏನೂ ಆಗಲಿಲ್ಲ.

ಮಾರನೆಯ ದಿನ ಹಾಜರಿ ಕೂಗುವಾಗ ಮಿಸ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಕೆರೆದ ಕಡೆ ಕಾಗದ ತೆಳ್ಳಗಾಗಿ ಬೆಳಕು ಇಣುಕಿತು. ಪುಸ್ತಕ ಮುಚ್ಚಿ ಪಾಠ ಶುರುಮಾಡಿದರು. ಊಟದ ಬೆಲ್ ಹೊಡೆದಾಗ ಮಾತ್ರ, “ನೀನಿರು” ಎಂದರು.

ಎಲ್ಲರೂ ಹೋದ ಮೇಲೆ ಪುಸ್ತಕ ನನ್ನ ಮುಂದೆ ಬಿಚ್ಚಿಟ್ಟರು.

“ಈ ಮೂರು ದಿನ ಏನು ಪಾಠ ಆಯ್ತು, ಹೇಳು.”

ನಾನು ಕೆರೆದ ಜಾಗವನ್ನು ಬೆರಳಿಂದ ಮುಚ್ಚಿದೆ.

“ಗೊತ್ತಿಲ್ಲ ಅಲ್ವಾ? ಹಾಜರಿ ಬಿತ್ತು, ಪಾಠ ಬರ್ಲಿಲ್ಲ. ಇದನ್ನ ಇಟ್ಕೊಂಡು ಏನ್ ಮಾಡ್ತೀಯ?” ಕೆಂಪು ಪೆನ್ನನ್ನು ನನ್ನ ಕೈಗೆ ಕೊಟ್ಟರು. “ನೀನೇ ಮೊದಲಿದ್ದ ಹಾಗೆ ಬರಿ.”

ಬರೆದೆ. ಅವರು ಒಂದೊಂದರ ಪಕ್ಕದಲ್ಲೂ ಸಹಿ ಹಾಕಿದರು. ಹೆಡ್ ಮೇಡಂಗೆ ಹೇಳುತ್ತೀರಾ ಎಂದು ಕೇಳಿದೆ. “ಕೇಳಿದ್ರೆ ಹೇಳ್ತೀನಿ. ಕೇಳ್ದೇ ಇದ್ರೆ ನಾನಾಗಿ ಹೋಗಲ್ಲ” ಎಂದರು. ಆಮೇಲೆ ಬೆಂಚಿನ ತುದಿಗೆ ನನ್ನ ಪಕ್ಕದಲ್ಲೇ ಕೂತರು. “ಈಗ ಹೇಳು. ನಿಜವಾಗ್ಲೂ ಏನು ನಡೀತಿದೆ ಮನೇಲಿ?”

ಅಳು ಬಂತು. ಎಲ್ಲ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಮನೆ ಯಾವ ರಸ್ತೆಯಲ್ಲಿದೆ, ಅವ್ವ ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಇಷ್ಟೇ ಕೇಳಿದರು.

ಮರುದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಆಗಲೇ ಹೊರಟುಹೋಗಿದ್ದ. ಅವ್ವ ಗಾಬರಿಯಲ್ಲಿ ಚಾಪೆ ಕೊಡವಿ ಹಾಸಿದಳು. ವಿಷಯ ತಿಳಿದದ್ದೇ ಅವರ ಕಾಲು ಹಿಡಿಯಲು ಹೋದಳು.

“ಹಾಜರಿ ಹಾಕಿಬಿಡ್ರಿ ಟೀಚರಮ್ಮ. ನೀವು ಬರದ್ರ ಯಾರು ಕೇಳ್ತಾರ? ಕೂಸಿನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ? ಕೆಲಸ ಬಿಟ್ರ ಹೊಟ್ಟಿಗೇನು?”

ಮಿಸ್ ಅವ್ವನ ಎರಡೂ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. “ಬರೆಯೋದು ಒಂದು ನಿಮಿಷದ ಕೆಲಸ ಅಮ್ಮ. ಆದ್ರೆ ಬರಿಯಲ್ಲ. ಪರೀಕ್ಷೇಲಿ ಇವಳ ಬದ್ಲು ನಾನು ಕೂರಕ್ಕಾಗಲ್ಲ. ಬೇರೆ ಏನು ಮಾಡಕ್ಕಾಗುತ್ತೆ ನೋಡೋಣ.”

ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ... ಅವ್ವ ಇನ್ನೊಬ್ಬರ ಕಾಲು ಹಿಡಿಯಲು ಬಗ್ಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೂರು ಗೆರೆ ಎಳೆದುಬಿಟ್ಟರೆ ಇವರ ಗಂಟೇನು ಹೋಗುತ್ತದೆ ಎನಿಸಿತ್ತು.

ಅವರು ಗೋಡೆಯ ಕ್ಯಾಲೆಂಡರ್ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದರು. ಭಾನುವಾರ, ಹಬ್ಬ, ರಜೆ ಎಲ್ಲ ಕಳೆದು, “ಇವತ್ತಿಂದ ಪರೀಕ್ಷೆವರೆಗೆ ಇವಳು ಆರು ದಿನ ತಪ್ಪಿಸಬಹುದು. ಏಳನೇದು ಇಲ್ಲ” ಎಂದರು. ಹಾಗೆಂದು ಕ್ಯಾಲೆಂಡರಿನ ಅಂಚಿನಲ್ಲಿ ಆರು ಗೀಟು ಹಾಕಿ, ಎದ್ದು ಕೆಳಗಿಳಿದು ಹೋದರು. ಕೆಳಮನೆಯಲ್ಲಿ ತಮಿಳಿನ ಅಜ್ಜಿ ಒಬ್ಬರೇ ಇರುತ್ತಿದ್ದರು. ನಲ್ಲಿಯ ಹತ್ತಿರ ಎಲ್ಲರ ಜೊತೆಗೂ ಜಗಳವಾಡುತ್ತಿದ್ದರಿಂದ ನಾವು ಅವರ ಎದುರಿಗೆ ಹೋಗಲು ಹೆದರುತ್ತಿದ್ದೆವು. ಮಿಸ್ ಅವರ ಜೊತೆ ತಮಿಳಿನಲ್ಲಿ ಹತ್ತು ನಿಮಿಷ ಮಾತಾಡಿದರು. ಒಂದೆರಡು ಸಲ ನಕ್ಕ ಸದ್ದೂ ಕೇಳಿಸಿತು. ಕೊನೆಗೆ ಅಜ್ಜಿ ಮೆಟ್ಟಿಲ ಬುಡದಿಂದ ಮೇಲೆ ಕೂಗಿದರು, “ಕೊಳಂದೆ ದಾನೆ, ಮಗು ತಾನೆ! ತಂದು ಬಿಡಮ್ಮ, ನಾನ್ ನೋಡ್ಕೊಳ್ತೀನಿ.” ಅದಕ್ಕೆ ಪ್ರತಿಯಾಗಿ ನಾನು ದಿನಾ ಬೆಳಿಗ್ಗೆ ಅಜ್ಜಿಯ ಕೊಡಗಳಿಗೆ ನೀರು ತುಂಬಿಕೊಡಬೇಕು. ಅವ್ವ ಮಧ್ಯಾಹ್ನ ಕೆಲಸದ ಜಾಗದಿಂದ ಬಂದು ಹಾಲು ಕುಡಿಸಿ ಹೋಗಬೇಕು. ಇಷ್ಟನ್ನೂ ಮಿಸ್ ಅಲ್ಲೇ ನಿಂತು ಗೊತ್ತುಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದರು.

ಶಾಲೆಗೆ ಹೋದರೂ ಓದು ಸುಲಭವಾಗಲಿಲ್ಲ. ಸಂಜೆ ಬಂದರೆ ಕೂಸು ನನ್ನದೇ. ಒಂದೇ ಕೋಣೆ, ಪಕ್ಕದ ಮನೆಯ ಟೀವಿ, ಅವ್ವನ ಅಡುಗೆ. ಓದಲು ಜಾಗವೇ ಇಲ್ಲ ಎಂದು ಮಿಸ್ ಹತ್ತಿರ ಹೇಳಿಕೊಂಡಾಗ, “ಸಂಜೆ ಮಗುನ ಏನ್ ಮಾಡ್ತೀಯ?” ಎಂದು ಕೇಳಿದರು. ಕಾಲ ಮೇಲೆ ಹಾಕಿಕೊಂಡು ತೂಗುತ್ತೇನೆ ಎಂದೆ.

“ಹಾಗಾದ್ರೆ ಅವತ್ತಿನ ಪಾಠ ಅದಕ್ಕೆ ಹೇಳು. ಪುಸ್ತಕ ಮುಚ್ಚಿಟ್ಟು, ಬಾಯ್ಬಿಟ್ಟು ಹೇಳು.”

“ಅದಕ್ಕೇನು ತಿಳೀತದ ಮಿಸ್?”

“ಅದಕ್ಕೆ ತಿಳೀಬೇಕಾಗಿಲ್ಲ. ನೀನು ಎಲ್ಲಿ ತಡವರಿಸ್ತೀಯ ಅಂತ ನಿನಗೆ ತಿಳಿಯುತ್ತಲ್ಲ. ಅಲ್ಲಿ ಪುಸ್ತಕ ತೆಗಿ. ನೋಡು. ಮತ್ತೆ ಮುಚ್ಚು.”

ಆರು ತಿಂಗಳ ಕೂಸಿಗೆ ನಾನು ಬೆಳಕಿನ ವಕ್ರೀಭವನ ಹೇಳಿದೆ, ಸಿಪಾಯಿ ದಂಗೆ ಹೇಳಿದೆ, ಆಮ್ಲ ಪ್ರತ್ಯಾಮ್ಲ ಹೇಳಿದೆ. ಅದು ಬಾಯಿಗೆ ಬೆರಳಿಟ್ಟುಕೊಂಡು ಕೇಳುತ್ತಿತ್ತು. ನಾನು ತಡವರಿಸಿ ನಿಂತರೆ ತೂಗುವುದೂ ನಿಲ್ಲುತ್ತಿತ್ತು, ಅದು ಕೂಡಲೇ ರಾಗ ತೆಗೆಯುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ ನಗುತ್ತಿದ್ದಳು. ತಿಂಗಳು ಕಳೆಯುವುದರಲ್ಲಿ, ತಡವರಿಸುವ ಜಾಗಗಳು ಎಷ್ಟು ಕಡಿಮೆಯಾದವೆಂದು ನನಗೇ ಗೊತ್ತಾಗತೊಡಗಿತು. ಡಿಸೆಂಬರಿನ ಕಿರುಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಪಾಸಾದಾಗ ಮಿಸ್ ಉತ್ತರಪತ್ರಿಕೆ ಕೊಡುತ್ತಾ, “ನಿನ್ನ ವಿದ್ಯಾರ್ಥಿಗೂ ತೋರಿಸು” ಎಂದರು. ಕ್ಲಾಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನಗೆ ಅವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆರು ದಿನದಲ್ಲಿ ಎರಡು, ಕೂಸಿಗೆ ಜ್ವರ ಬಂದು ಹೋದವು. ಜನವರಿಯಲ್ಲಿ ಊರಿಂದ ಫೋನು ಬಂತು, ಸೋದರಮಾವನ ಮದುವೆ. ಎಂಟು ದಿನ ಎಲ್ಲರೂ ಹೋಗುವುದೆಂದು ಅಪ್ಪ ಟಿಕೆಟ್ಟಿನ ಮಾತೆತ್ತಿದ. ಮಾವನ ಮದುವೆ, ನನಗೂ ಹೋಗಬೇಕೆಂದಿತ್ತು. ಆಗ ಅವ್ವ ಕ್ಯಾಲೆಂಡರಿನ ಕಡೆ ಕೈ ತೋರಿಸಿ ಹೇಳಿದಳು.

“ಅಕಿಗಿ ನಾಕೇ ದಿನ ಉಳದಾವ. ಎಂಟು ದಿನ ಎಲ್ಲಿಂದ ತರ್ಲಿ? ಅಕಿ ಇಲ್ಲೇ ಇರ್ತಾಳ, ಕೆಳಗ ಅಜ್ಜಿ ಹಂತ್ಯಾಕ ಮಕ್ಕೋತಾಳ. ನಾ ನಮ್ಮ ತಮ್ಮಗ ಹೇಳ್ತೀನಿ.”

ಅಕ್ಷರ ಬಾರದ ಅವ್ವ, ದಿನಾ ಆ ಕ್ಯಾಲೆಂಡರ್ ನೋಡಿ ಎಣಿಸುತ್ತಿದ್ದಳೆಂದು ನನಗೆ ಆಗಲೇ ಗೊತ್ತಾದದ್ದು. ಆ ವಾರ ಅಜ್ಜಿಯ ಮನೆಯಲ್ಲಿ ರಸಂ ಅನ್ನ ತಿಂದು, ಒಂದು ದಿನವೂ ತಪ್ಪದೆ ಶಾಲೆಗೆ ಹೋದೆ. ಮಿಸ್ಸಿಗೆ ಈ ವಿಷಯ ಹೇಳಿದಾಗ, “ನಿಮ್ಮಮ್ಮನಿಗೆ ನಾನು ನಮಸ್ಕಾರ ಹೇಳ್ದೆ ಅಂತ ಹೇಳು” ಎಂದಷ್ಟೇ ಅಂದರು.

ಆಮೇಲೆ ಕೂಸಿನ ಕೆಮ್ಮಿಗೆ ಇನ್ನೆರಡು ದಿನ ಹೋದರೂ, ಎರಡು ದಿನ ಉಳಿಸಿಕೊಂಡೇ ಪರೀಕ್ಷೆಗೆ ಕೂತೆ. ಫಸ್ಟ್ ಕ್ಲಾಸಿಗೆ ಬೇಕಾದಷ್ಟೇ ಅಂಕ ಬಂದವು, ಒಂದೂ ಹೆಚ್ಚಿಲ್ಲ. ಅಂಕಪಟ್ಟಿ ತೋರಿಸಲು ಶಾಲೆಗೆ ಓಡಿದರೆ ಮಿಸ್ ಇರಲಿಲ್ಲ. ರಜೆಯಲ್ಲೇ ವರ್ಗವಾಗಿ ಹಾಸನದ ಕಡೆ ಹೋಗಿದ್ದರು. ಹೋಗಿ ನೋಡಿಬರಬೇಕೆಂದುಕೊಂಡೆ. ಪಿಯು ಆಗಲಿ ಎಂದುಕೊಂಡೆ, ಆಮೇಲೆ ಲ್ಯಾಬ್ ಡಿಪ್ಲೊಮಾ ಮುಗಿಯಲಿ, ಇಂದಿರಾನಗರದಲ್ಲಿ ಕೆಲಸ ಸಿಗಲಿ, ಕೈತುಂಬ ಏನಾದರೂ ಹಿಡಿದುಕೊಂಡು ಹೋಗೋಣ... ಎರಡು ವರ್ಷದ ಹಿಂದೆ ಒಂದು ಪ್ರಮಾಣಪತ್ರಕ್ಕೆಂದು ಹಳೆಯ ಶಾಲೆಗೆ ಹೋದಾಗ ಅಲ್ಲಿನ ಗುಮಾಸ್ತರನ್ನು ಮಿಸ್ ವಿಳಾಸ ಕೇಳಿದೆ. “ಅವರು ಕೊರೊನಾ ಟೈಮಲ್ಲೇ ಹೋಗ್ಬಿಟ್ರಲ್ಲಮ್ಮ” ಎಂದರು. ಕಡತ ಹುಡುಕುತ್ತಲೇ ಹೇಳಿದ್ದರಿಂದ ಅವರು ನನ್ನ ಮುಖ ನೋಡಲಿಲ್ಲ.

ಸಭೆ ಮುಗಿದು ಹಾಳೆಗೆ ಸಹಿ ಹಾಕಿಕೊಟ್ಟು, ಹೊರಗೆ ಕಾಯುತ್ತಿದ್ದ ತಂಗಿಯ ಜೊತೆ ಹೊರಟೆ. ದಾರಿಯಲ್ಲಿ ಅವಳಿಗೆ ಇದನ್ನೆಲ್ಲ ಮೊದಲ ಸಲ ಹೇಳಿದೆ, ಬ್ಲೇಡಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. “ನೀನಾ? ಅಕ್ಕ, ನೀನಾ?” ಎಂದು ಬಗ್ಗಿ ಬಗ್ಗಿ ನಕ್ಕಳು. ಬಸ್ ಸ್ಟಾಪಿನವರೆಗೂ ನಗುತ್ತಲೇ ಬಂದಳು. ಆಮೇಲೆ, “ಈಗೆಲ್ಲಿದಾರೆ ಅವ್ರು?” ಎಂದು ಕೇಳಿದಳು.

ಹೇಳಿದೆ.

ಒಂದು ಬಸ್ಸು ಬಂದು ನಿಂತು ಹೋಯಿತು, ನಮ್ಮದಲ್ಲ.

“ಒಂದ್ಸಲ ನನ್ನ ಕರ್ಕೊಂಡ್ಹೋಗಿ ತೋರಿಸ್ಬೇಕಿತ್ತು ಅಲ್ವಾ ಅಕ್ಕ?”

“ತೋರಿಸ್ಬೇಕಿತ್ತು” ಎಂದೆ.