ನೋಲಾ ಟ್ರೆಲೋರ್ ಬಾಗಿಲ ಚಪ್ಪಡಿ

ನೋಲಾ ಟ್ರೆಲೋರ್‌ಗೆ ಎಪ್ಪತ್ತು ದಾಟಿತ್ತು, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನ ಕುರಿ ಸಾಕುವ ಮನೆಗಳಿಗೆ ಅಂಚೆ ಮುಟ್ಟಿಸುವ ನನ್ನ ಲಾರಿ ತಡವಾದರೆ ಗೇಟಿನಲ್ಲೇ ಮಂಗಳಾರತಿ. "ಏನಯ್ಯಾ, ದಾರೀಲಿ ಕಾಂಗರೂ ಮದುವೆ ಊಟ ಮುಗಿಸ್ಕೊಂಡು ಬಂದ್ಯಾ?" ಬೈದ ಕೈಯಲ್ಲೇ ಸ್ಕೋನು ಎಂಬ ಬಿಸಿ ಬನ್ನು, ಏಪ್ರಿಕಾಟ್ ಜಾಮು ಕೊಡುತ್ತಿದ್ದಳು.

ನಮ್ಮ ಕಡೆ ಎಲ್ಲರ ಜಗಲಿಗೂ ಬೆಟ್ಟದ ಚಪ್ಪಡಿಯೇ. ಅದರ ಮೇಲ್ಮುಖದಲ್ಲಿ ಹಳೇ ಕಡಲಿನ ಅಲೆಗಳ ಏರಿಳಿತ ಹಾಗೇ ಉಳಿದಿರುತ್ತದೆ. ಅದರಲ್ಲಿ ಧೂಳು ಕೂರುತ್ತದೆಂದು ನೋಲಾಳ ಗಂಡ ಕ್ಲೆಮ್ ಎಲ್ಲವನ್ನೂ ಬೋರಲು ಹಾಸಿದ್ದ. ಹಾಗಾಗಿ ಬಾಗಿಲ ಮುಂದಿನ ಚಪ್ಪಡಿಯ ಅಡಿಮುಖದಲ್ಲಿದ್ದ ಅಂಗೈಯಗಲದ, ಗೆರೆಗೆರೆಯ ಅಚ್ಚೊಂದು ಮೇಲೆ ಬಂದಿತ್ತು. ಯಾವುದೋ ಎಲೆಯದಿರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕ್ಲೆಮ್ ತೀರಿಕೊಂಡ ಮೇಲೆ ಅವನು ಹಾಸಿದ ಒಂದು ಕಲ್ಲನ್ನೂ ಅಲುಗಿಸಲು ನೋಲಾ ಬಿಟ್ಟವಳಲ್ಲ.

ಆ ವರ್ಷ ಹಿತ್ತಲ ಗುಡ್ಡದ ಮೇಲೆ ಕಲ್ಲುಗಣಿಯವರ ಕಣ್ಣು ಬಿತ್ತು. ಗುಡ್ಡದ ನೆತ್ತಿಯಲ್ಲಿ ನೋಲಾಳ ಮಗಳು ಐರಿಸ್ ಮಲಗಿದ್ದಾಳೆ, ಹುಟ್ಟಿದ ವಾರಕ್ಕೇ ಹೋದ ಕೂಸು. ಮಣ್ಣು ಮಾಡಿದ ದಿನದಿಂದ ನೋಲಾ ಆ ಗುಡ್ಡ ಹತ್ತಿರಲಿಲ್ಲ. ಅಲ್ಲಿಯ ಒಂದು ಕಲ್ಲನ್ನೂ ಕೀಳುವುದಿಲ್ಲವೆಂದು ಕ್ಲೆಮ್‌ನಿಂದ ಮಾತು ತೆಗೆದುಕೊಂಡಿದ್ದಳು. ಗೋರಿಯನ್ನು ಬೇರೆ ಕಡೆಗೆ ಸಾಗಿಸಿಕೊಡುತ್ತೇವೆ ಎಂದರು ಗಣಿಯವರು. ಥೂ, ಅವರ ಉಪಕಾರಕ್ಕಿಷ್ಟು!

ಅಂಚೆ ಕೊಟ್ಟು ನಾನು ಜಗಲಿಯಲ್ಲಿ ಸ್ಕೋನು ತಿನ್ನುತ್ತಿದ್ದೆ. ಪರವಾನಗಿಗೆ ಮುಂಚೆ ಗುಡ್ಡ ನೋಡಲು ಸರ್ಕಾರ ಕಳಿಸಿದ್ದ ಭೂವಿಜ್ಞಾನಿ ಗ್ರೆಟೆಲ್ ನೋಸ್ಕೆ ಬೂಟು ಬಿಚ್ಚಲು ಜಗಲಿಯಲ್ಲಿ ಕೂತವಳು ಕಿಟಾರನೆ ಕಿರುಚಿದಳು.

"ಇದು ಎಲೆ ಅಲ್ಲ ನೋಲಾ! ನೆಲದ ಮೇಲೆ ಒಂದು ಗಿಡವೂ ಇಲ್ಲದಿದ್ದ ಕಾಲದ ಕಡಲಜೀವಿ! ಎಲ್ಲಿ ಸಿಕ್ತು?"

"ತೊರೇಲಿ. ಕ್ಲೆಮ್ ಹೇಳಿದ್ದ."

ಗ್ರೆಟೆಲ್ ಮುಖ ಇಳಿಯಿತು. "ತೊರೇಲಿ ಬಿದ್ದಿರೋ ಕಲ್ಲು ಎಲ್ಲಿಂದಲೋ ಉರುಳಿ ಬಂದಿರುತ್ತೆ. ಮರಳುಗಲ್ಲಿಗೆ ತನ್ನ ವಯಸ್ಸು ತಾನೇ ಹೇಳೋಕೆ ಬರಲ್ಲ. ಗುಡ್ಡದಲ್ಲಿ ಜ್ವಾಲಾಮುಖಿ ಬೂದಿಯ ಪದರ ಇದೆ ನೋಡಿ, ಅದರ ಹರಳುಗಳಲ್ಲಿರೋ ಯುರೇನಿಯಂ ಒಂದೇ ಲೆಕ್ಕದಲ್ಲಿ ಸೀಸ ಆಗ್ತಾ ಹೋಗುತ್ತೆ. ಎರಡನ್ನೂ ಅಳೆದ್ರೆ ಬೂದಿ ವಯಸ್ಸು ಗೊತ್ತಾಗುತ್ತೆ. ಈ ಚಪ್ಪಡಿ ಬೂದಿ ಕೆಳಗಿತ್ತು ಅಂತ ತೋರಿಸಿದ್ರೆ, ಇದು ಅದಕ್ಕಿಂತ ಹಳೇದು. ಅಂಥಾ ಗುರುತಿರೋ ಗುಡ್ಡ ಅಗೆಯೋಕೆ ಆಮೇಲೆ ಯಾರಿಗೂ ಪರವಾನಗಿ ಸಿಗಲ್ಲ."

ಮಾತಾಡುತ್ತಲೇ ಚಪ್ಪಡಿಯ ಅಂಚು ಸವರಿದವಳ ಬೆರಳು ನಿಂತಿತು. "ತೊರೆ ಕಲ್ಲಾಗಿದ್ರೆ ಅಂಚು ಸವೆದಿರಬೇಕಿತ್ತು. ಇದನ್ನ ಬಂಡೆಯಿಂದ ಹಾರೆ ಹಾಕಿ ಮೀಟಿದ್ದಾರೆ."

"ನನ್ನ ಗಂಡ ಸುಳ್ಳ ಅಂತೀಯಾ?" ನೋಲಾ ಕೆಂಡವಾದಳು.

"ಗಂಡಂದಿರ ವಿಷಯ ನಂಗೊತ್ತಿಲ್ಲ. ಕಲ್ಲಿನ ವಿಷಯ ಗೊತ್ತು."

ನನಗೆ ಸ್ಕೋನು ನೆತ್ತಿಗೆ ಹತ್ತಿತು. ನೋಲಾ ಇಬ್ಬರನ್ನೂ ದುರುಗುಟ್ಟಿ ನೋಡಿ, ಹಾರೆ ತಂದು ನನ್ನ ಕೈಗಿತ್ತಳು. "ಕೀಳು. ಗುಡ್ಡದಲ್ಲಿ ಇದರ ಜಾಗ ಹುಡುಕೋಣ. ಕ್ಲೆಮ್ ಸುಳ್ಳನಾದ್ರೂ ಆಗ್ಲಿ. ನನ್ನ ಮಗು ಮಲಗಿದ ಜಾಗದಿಂದ ಏಳಕೂಡದು."

ಲಾರಿ ಹೋಗುವಷ್ಟು ದೂರ ಲಾರಿಯಲ್ಲಿ, ಆಮೇಲೆ ಹೊತ್ತುಕೊಂಡು ಹತ್ತಿದೆವು. ನೋಲಾಳೂ ಹೊರಟಳು, ಬೇಡವೆಂದರೆ ಕೇಳಬೇಕಲ್ಲ! ಗ್ರೆಟೆಲ್ ಬೂದಿಯ ಬಿಳಿ ಪಟ್ಟೆ ಹಿಡಿದು, ಅದರ ಕೆಳಗಿನ ಕೆಂಪು ಪದರವನ್ನೇ ನೋಡುತ್ತ ನಡೆದಳು. ನೆತ್ತಿಯ ಹತ್ತಿರ ಒಂದು ಕಡೆ ಚಪ್ಪಡಿಯಷ್ಟೇ ಖಾಲಿ ಜಾಗವಿತ್ತು. ಅದರ ಅಡಿಗಲ್ಲಿನ ಮೇಲೆ ಅದೇ ಗೆರೆಗಳ ಉಬ್ಬು. ಅಲೆಯ ಮುಖ ಮೇಲೆ ಮಾಡಿ ಚಪ್ಪಡಿಯನ್ನು ಒಳಗೆ ತಳ್ಳಿದೆವು. ಚಾಕುವಿನ ಅಲಗೂ ತೂರದಂತೆ ಕೂತಿತು.

"ಬೂದಿ ಕೆಳಗೇ! ಗುಡ್ಡ ಉಳೀತು ನೋಲಾ!" ಗ್ರೆಟೆಲ್ ಕುಣಿದಾಡಿದಳು.

ನೋಲಾ ಬೂದಿಯ ಕಡೆ ನೋಡಲೇ ಇಲ್ಲ. ಚಪ್ಪಡಿಗೆ ತಾಗಿದಂತೆಯೇ ಒಂದು ಪುಟ್ಟ ಕಬ್ಬಿಣದ ಬೇಲಿಯಿತ್ತು, ಒಳಗೆ ಐರಿಸ್.

"ಇಷ್ಟು ದೊಡ್ಡ ಗುಡ್ಡ ಬಿಟ್ಟು ಇಲ್ಲಿಂದಲೇ ಯಾಕೆ ಕಿತ್ತ?" ಎಂದೆ ನಾನು, ಬುದ್ಧಿಯಿಲ್ಲದೆ.

"ನನಗೆ ಇಲ್ಲಿಗೆ ಬರೋಕಾಗ್ತಿರಲಿಲ್ಲವಲ್ಲ," ಎಂದಳು ನೋಲಾ. "ಅದಕ್ಕೇ ಅವಳ ತಲೆದೆಸೆ ಕಲ್ಲನ್ನ ನನ್ನ ಬಾಗಿಲಿಗೆ ತಂದಿಟ್ಟಿದ್ದಾನೆ."

ಬೇಲಿ ಹಿಡಿದು ಕುಸಿದು ಕೂತವಳು ಗೊಳೋ ಎಂದು ಅತ್ತಳು. "ಒಂದು ಮಾತು ಹೇಳಬಾರದಿತ್ತೇನೋ, ಮುದುಕಾ!"