ಗಾಯವಿಲ್ಲದ ತಿಂಗಳು

ಪ್ರಥಮ ಚಿಕಿತ್ಸೆಯ ಕೋಣೆಗೆ ಯಾರೂ ಬಾರದಿದ್ದರೆ ನರ್ಸಾದವಳು ಖುಷಿಪಡಬೇಕು. ನಾನೂ ಮೊದಮೊದಲು ಪಟ್ಟೆ. ತುಮಕೂರು ಬಳಿ ವಸಂತನರಸಾಪುರದ ಆ ಕಾರ್ಖಾನೆಯಲ್ಲಿ ತಗಡು ಕತ್ತರಿಸಿ ಗಾಡಿಗಳ ಬಿಡಿಭಾಗ ಮಾಡುತ್ತಿದ್ದರು. ತಗಡು ಎಂದ ಮೇಲೆ ದಿನಕ್ಕೊಬ್ಬರಾದರೂ ಬೆರಳು ಹಿಡಿದುಕೊಂಡು ಬರುತ್ತಿದ್ದರು. ಬಂದವರಿಗೆ ನಾಲ್ಕು ಮಾತು ಬೈದು, ಗಾಯ ತೊಳೆದು, ಪಟ್ಟಿ ಕಟ್ಟಿ ಕಳಿಸುವುದು ನನ್ನ ಕೆಲಸ. ಬೈಯುವುದಕ್ಕೆ ಸಂಬಳವಿರಲಿಲ್ಲ, ಅದನ್ನು ನಾನು ಇಷ್ಟಪಟ್ಟು ಮಾಡುತ್ತಿದ್ದೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ತಿಂಗಳಿರುವಾಗ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಒಂದು ಬಹುಮಾನ ಸಾರಿದರು. ಹಬ್ಬದವರೆಗೆ ಯಾವ ಲೈನಿನಲ್ಲಿ ಒಂದೂ ಗಾಯವಾಗುವುದಿಲ್ಲವೋ, ಆ ಲೈನಿನ ಪ್ರತಿಯೊಬ್ಬರಿಗೂ ಬೆಳ್ಳಿಯ ಕುಂಕುಮದ ಭರಣಿ. ಒಬ್ಬರಿಗೆ ಗಾಯವಾದರೂ ಇಡೀ ಲೈನಿಗೆ ಇಲ್ಲ. ನಮ್ಮ ಕಡೆ ಆ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಲಕ್ಷ್ಮಿಗೆ ಕೈಮುಗಿಯುತ್ತಲೇ ಕಳಶದ ಮುಂದೆ ಏನೇನಿಟ್ಟಿದ್ದಾರೆ ಎಂದು ಒಂದು ಕಣ್ಣು ಹಾಯಿಸಿಯೇ ಹೋಗುವುದು. ಆಸೆ ಹುಟ್ಟದೆ ಇರುತ್ತದೆಯೇ? ಮಾರನೆಯ ದಿನದಿಂದಲೇ ನನ್ನ ಕೋಣೆ ಖಾಲಿ ಹೊಡೆಯತೊಡಗಿತು.

ಆಗಲೇ ತುಮಕೂರಿನಿಂದ ಮನಃಶಾಸ್ತ್ರದ ಸಂಶೋಧಕಿಯೊಬ್ಬರು ಬಂದರು. ಬಹುಮಾನ ಕೊಟ್ಟರೆ ಮನುಷ್ಯರ ಮನಸ್ಸು ಏನು ಮಾಡುತ್ತದೆ ಎಂಬುದು ಅವರು ಓದುತ್ತಿದ್ದ ವಿಷಯ. ಕಾರ್ಖಾನೆಯಲ್ಲಿ ಸದ್ದಿಲ್ಲದ ಜಾಗ ನನ್ನದೊಂದೇ ಆದ್ದರಿಂದ ಅಲ್ಲೇ ಕೂತರು. ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ಮಕ್ಕಳಿಗೆ ಮೊದಲೇ ಬಹುಮಾನ ತೋರಿಸಿ ಬಿಡಿಸಿದರೆ, ಆಮೇಲೆ ಅವು ತಾವಾಗಿ ಬಣ್ಣ ಮುಟ್ಟುವುದು ಕಡಿಮೆಯಾಗುತ್ತದಂತೆ. ನನಗೆ ನಗು ಬಂತು.

"ಹಂಗಾದ್ರೆ ಬಹುಮಾನಾನೇ ಕೊಡ್ಬಾರ್ದಾ ಮೇಡಂ?"

"ಕೊಡಬಹುದು ಸಿಸ್ಟರ್. ಆದ್ರೆ ಯಾವುದಕ್ಕೆ ಕೊಡ್ತಿದೀವಿ ಅಂತ ಗೊತ್ತಿರ್ಬೇಕು. ಇಲ್ಲಿ ಭರಣಿ ಕೊಡ್ತಿರೋದು ಗಾಯ ಆಗದೇ ಇದ್ದಿದ್ದಕ್ಕಾ, ಇಲ್ಲಾ ಯಾರೂ ಗಾಯ ತೋರಿಸ್ದೇ ಇದ್ದಿದ್ದಕ್ಕಾ?"

ಅವರು ಅಷ್ಟು ಹೇಳಿ ಟೀ ಕುಡಿದು ಹೋದರು. ಬಿಚ್ಚದೆ ಬಿದ್ದಿದ್ದ ಹತ್ತಿಯ ಕಟ್ಟನ್ನು ನೋಡಲಾಗದೆ ಕಪಾಟು ಮುಚ್ಚಿದೆ.

ಮಾರನೆಯ ದಿನ ನನ್ನ ಊಟದ ಡಬ್ಬಿಯನ್ನು ಕ್ಯಾಂಟೀನಿಗೇ ತೆಗೆದುಕೊಂಡು ಹೋಗಿ, ಬಾಗಿಲ ಬಳಿ ಕೂತು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದೆ. ಅಂದು ಮುದ್ದೆ, ಸೊಪ್ಪಿನ ಸಾರು. ಮೂಲೆಯಲ್ಲಿ ಕುಣಿಗಲ್ ಕಡೆಯ ಒಬ್ಬಳು, ಹನ್ನೆರಡು ಜನ ಹೆಂಗಸರ ಲೈನಿನವಳು, ಎಡಗೈಯಲ್ಲಿ ಸ್ಪೂನು ಹಿಡಿದು ಮುದ್ದೆ ಮುರಿಯಲು ಒದ್ದಾಡುತ್ತಿದ್ದಳು. ಮುದ್ದೆಯನ್ನು ಸ್ಪೂನಿನಲ್ಲಿ ತಿನ್ನುವವರನ್ನು ನಾನು ನಮ್ಮ ಜಿಲ್ಲೆಯಲ್ಲಿ ಅದುವರೆಗೆ ಕಂಡಿರಲಿಲ್ಲ. ಬಲಗೈ ಮೇಜಿನ ಕೆಳಗಿತ್ತು, ಊಟದ ಹೊತ್ತಿನಲ್ಲೂ ಗ್ಲೌಸಿನೊಳಗೆ.

"ಏನಾಯ್ತೇ ಕೈಗೆ?"

"ಏನಿಲ್ಲ ಸಿಸ್ಟರ್. ಭಾನುವಾರ ಊರಿಗೋಗಿದ್ನಲ್ಲ, ಈಳಿಗೆ ಮಣೆ ಕುಯ್ತು. ಕುಣಿಗಲ್ನಾಗೆ ಡಾಕ್ಟ್ರಿಗೆ ತೋರ್ಸಿದೀನಿ, ಮಾತ್ರೆ ಕೊಟ್ಟವ್ರೆ."

"ಬಿಚ್ಚು."

ಬಿಚ್ಚಲಿಲ್ಲ. ಅಕ್ಕಪಕ್ಕದವರೆಲ್ಲ ತಟ್ಟೆ ನೋಡತೊಡಗಿದರು. ಇವರಿಗೆಲ್ಲ ಗೊತ್ತಿದೆ ಎಂದು ನನಗೆ ಅರ್ಥವಾಯಿತು. ರೆಟ್ಟೆ ಹಿಡಿದು ನನ್ನ ಕೋಣೆಗೆ ಎಳೆದುಕೊಂಡು ಬಂದು ಗ್ಲೌಸನ್ನೂ ಒಳಗಿನ ಪಟ್ಟಿಯನ್ನೂ ಕತ್ತರಿಯಿಂದ ಕತ್ತರಿಸಿದೆ. ತೋರುಬೆರಳು ಊದಿ ಕಪ್ಪಗಾಗಿತ್ತು. ವಾಸನೆ ಬರುತ್ತಿತ್ತು. ಅಂಗೈ ದಾಟಿ ಮೊಣಕೈವರೆಗೆ ಒಂದು ಕೆಂಪು ಗೆರೆ ಹತ್ತಿತ್ತು. ಅದು ರಕ್ತಕ್ಕೆ ಸೇರಿದರೆ ಬೆರಳಿನ ಮಾತಿರಲಿ, ಜೀವದ ಮಾತಾಗುತ್ತದೆ.

ಹಿಂದೆಯೇ ಬಂದ ಲೈನಿನ ಹಿರಿಯಳು, ಬೆಳ್ಳಾವಿಯವಳು, ಬಾಗಿಲು ಮುಂದಕ್ಕೆ ಎಳೆದು ಪಿಸುಗುಟ್ಟಿದಳು. "ಗಲಾಟೆ ಮಾಡ್ಬೇಡಿ ಸಿಸ್ಟರ್. ಅವ್ಳ ಪಾಲಿನ್ ಕೆಲ್ಸ ನಾವೇ ಮಾಡ್ತಾ ಇದೀವಿ, ಮುಯ್ಯಾಳು ಇದ್ದಂಗೆ. ನಾಳೆ ನಮ್ಗಾದ್ರೆ ಅವ್ಳು ಮಾಡ್ತಾಳೆ. ಶುಕ್ರವಾರ ಹಬ್ಬ ಒಂದ್ ಆಗೋಗ್ಲಿ."

ಹೊಲಗಳಲ್ಲಿ ರಾಗಿ ಕಳೆ ಕೀಳಲು ಇವತ್ತು ನೀವು ನಮ್ಮಲ್ಲಿಗೆ, ನಾಳೆ ನಾವು ನಿಮ್ಮಲ್ಲಿಗೆ ಎಂದು ಕೂಲಿಯಿಲ್ಲದೆ ಹೋಗಿಬರುವ ಪದ್ಧತಿ ಅದು. ಅದನ್ನೇ ಈ ಪುಣ್ಯಾತ್ಗಿತ್ತಿಯರು ಕೊಳೆಯುವ ಬೆರಳನ್ನು ಮುಚ್ಚಿಡಲು ಬಳಸಿದ್ದರು. ದುರಾಸೆಯಾಗಿದ್ದರೆ ಎರಡು ಬಾರಿಸಿ ಬುದ್ಧಿ ಹೇಳಬಹುದಿತ್ತು. ಇದು ಪ್ರೀತಿ, ಇದಕ್ಕೇನು ಹೇಳಲಿ?

"ಶುಕ್ರವಾರಕ್ಕೆ ಇವಳೇ ಇರಲ್ಲ ಕಣೇ!" ಎಂದು ಕಿರುಚಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ತಗಡು ಒತ್ತುವ ಪ್ರೆಸ್ಸಿಂಗ್ ಮೆಷಿನಿನಲ್ಲಿ ಆಗಿದ್ದು ಎಂದು ಒಪ್ಪಿಕೊಂಡಳು.

ಮ್ಯಾನೇಜರ್ ಹತ್ತಿರ ಓಡಿ, ಈಳಿಗೆ ಮಣೆಯ ಕತೆಯನ್ನೂ ನಿಜವನ್ನೂ ಹೇಳಿ ಗಾಡಿ ಕೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಮನೇಲಿ ಆಗಿದ್ದು ಅಂತ ಅವಳೇ ಹೇಳ್ತಾವ್ಳಲ್ಲ. ರಜೆ ಕೊಟ್ಟು ಮನೆಗೆ ಕಳ್ಸಿ, ಅಲ್ಲಿಗೆ ಮುಗೀತು" ಎಂದರು. ಏನು ಉತ್ತರ ಕೊಟ್ಟೆ ಎಂದು ಇಲ್ಲಿ ಬರೆದರೆ ಚೆನ್ನಾಗಿರುವುದಿಲ್ಲ. ಗಾಡಿಯಂತೂ ಬಂತು.

ತುಮಕೂರು ಮುಟ್ಟುವವರೆಗೆ ಅವಳ ಮೈ ಕಾವಲಿಯಂತೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, ಯಾವುದರಿಂದ ಕೊಯ್ದಿದ್ದು ಎಂದು ಕೇಳಿದರು.

"ಈಳಿಗೆ ಮಣೆ ಸಾರ್."

"ತರಕಾರಿ ಹೆಚ್ಚೋ ಗಾಯ ಹಿಂಗಾಗಲ್ಲಮ್ಮ. ಒಳಗೆ ಏನಾದ್ರೂ ಉಳಿದಿದ್ಯಾ? ಸರಿಯಾಗಿ ಹೇಳು."

"ಇಲ್ಲ ಸಾರ್, ಈಳಿಗೆ ಮಣೇನೇ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು. ಕೈಮುಗಿಯಲು ಹೋದಳು, ಬಲಗೈ ಏಳಲಿಲ್ಲ. ಎಡಗೈಯೊಂದನ್ನೇ ಎದೆಗೆ ಹಿಡಿದು, "ಬ್ಯಾಡ ಸಿಸ್ಟರ್, ಬುಡಿ. ಹನ್ನೊಂದ್ ಜನದ್ ಮನೆ ಹಬ್ಬ" ಎಂದಳು.

"ಪ್ರೆಸ್ಸಿಂಗ್ ಮೆಷಿನ್ ಸಾರ್. ತಗಡಿನ ಚೂರು ಒಳಗಿರ್ಬಹುದು. ಎಕ್ಸ್‌ರೇ ತೆಗೀರಿ" ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಕುಣಿಗಲ್ಲಿನ ಡಾಕ್ಟರಿಗೂ ಇವಳು ಇದೇ ಕತೆ ಹೇಳಿದ್ದರಿಂದ ಅವರು ಒಳಗೆ ಹುಡುಕದೆ ಪಟ್ಟಿ ಕಟ್ಟಿದ್ದರು. ಎಕ್ಸ್‌ರೇಯಲ್ಲಿ ಚೂರು ಬೆಳ್ಳಗೆ ಹೊಳೆಯುತ್ತಿತ್ತು, ಮೂಳೆಗೆ ಅಂಟಿಕೊಂಡು. ತಕ್ಷಣ ಒಳಗೆ ಕರೆದುಕೊಂಡು ಹೋದರು. ಗುಬ್ಬಿಗೆ ಹೋಗುವ ನನ್ನ ಬಸ್ಸಿನ ಹೊತ್ತು ಮೀರಿತು. ಮನೆಗೆ ಫೋನ್ ಮಾಡಿ, ಸಾರು ನಿನ್ನೆಯದೇ ಬಿಸಿಮಾಡಿಕೊಳ್ಳಿ ಎಂದು ಹೇಳಿ ಬೆಂಚಿನ ಮೇಲೆ ಕೂತೆ. ಕೈಯೇ ಹೋಗಬಹುದು ಎಂದಿದ್ದರು. ನಾನು ದೇವರನ್ನೂ ಮ್ಯಾನೇಜರನ್ನೂ ಒಂದೇ ಉಸಿರಿನಲ್ಲಿ ಬೈದುಕೊಳ್ಳುತ್ತಿದ್ದೆ.

ಕೈ ಉಳಿಯಿತು, ಜೀವ ಉಳಿಯಿತು. ಬೆರಳು ಬುಡದಿಂದ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಅವಳಿಗೆ ಪೂರ್ತಿ ಎಚ್ಚರವಾದಾಗ ಪಕ್ಕದಲ್ಲಿದ್ದವಳು ನಾನೇ. ಬೆರಳಿನ ವಿಷಯ ಹೇಗೆ ಹೇಳುವುದೆಂದು ತಡವರಿಸುತ್ತಿದ್ದೆ. ಅವಳೇ ಪಟ್ಟಿಯನ್ನು ನೋಡಿ ತಿಳಿದುಕೊಂಡಳು. ಅಳುತ್ತಾಳೆ, ಅತ್ತುಬಿಡಲಿ ಎಂದು ಕಾದೆ. ಅಳಲಿಲ್ಲ.

"ಬೆರಳು ಹೋದ್ರೆ ಹೋಗ್ಲಿ ಬುಡಿ ಸಿಸ್ಟರ್" ಎಂದಳು. "ನನ್ನಿಂದ ಎಲ್ರುದೂ ಭರಣಿ ಹೋಯ್ತಲ್ಲ. ಇನ್ನ್ ಯಾವ್ ಮುಖ ಇಟ್ಕಂಡ್ ಲೈನಿಗೋಗ್ಲಿ?"

ಯಂತ್ರ ಅವಳ ಬೆರಳು ತಿಂದಿತ್ತು, ಸುಳ್ಳು ಅದನ್ನು ಕೊಳೆಸಿತ್ತು, ಆದರೂ ತಪ್ಪಿತಸ್ಥಳಂತೆ ತಲೆ ತಗ್ಗಿಸಿದ್ದವಳು ಅವಳು.

ಹೊರಗಿನ ವೆರಾಂಡದಲ್ಲಿ ಅವಳ ಲೈನಿನವರು ಬಂದು ನಿಂತಿದ್ದರು. ಬೆಳ್ಳಾವಿಯವಳ ಕೈಯಲ್ಲಿ ಎಳನೀರಿತ್ತು, ಅತ್ತು ಅತ್ತು ಮುಖ ಊದಿತ್ತು. ಒಳಗೆ ಬಿಡಿ ಎಂದು ಕಿಟಕಿಯಿಂದಲೇ ನನಗೆ ಕೈಸನ್ನೆ ಮಾಡುತ್ತಿದ್ದಳು. ಅವರ ದನಿ ಕೇಳಿಸುತ್ತಲೇ ಇವಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.

"ಬರೋದ್ ಬ್ಯಾಡ ಅನ್ನಿ."

ನಾನು ಹೊರಗೆ ಹೋಗಿ, ಮಲಗಿದ್ದಾಳೆ ಎಂದೆ.